ಒಟ್ಟು ಅಂಕ ಬದಿಗಿಟ್ಟು ತಪ್ಪು ಉತ್ತರಗಳನ್ನು ಓದುವುದು

ಪ್ರಮಾಣೀಕೃತ ಪರೀಕ್ಷೆಯ (ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮೌಲ್ಯಮಾಪನ ಇರುವ ಪರೀಕ್ಷೆ) ಫಲಿತಾಂಶ ಕೈಗೆ ಬಂದರೆ ತರಗತಿಯ ಸರಾಸರಿಯನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಒಂದು ಕೋಷ್ಟಕ: ಎಡಬದಿಗೆ ಮಕ್ಕಳ ಹೆಸರು, ಮೇಲ್ಗಡೆ ಪ್ರಶ್ನೆಗಳ ಸಂಖ್ಯೆ, ಪ್ರತಿ ಚೌಕದಲ್ಲಿ ಆ ಮಗು ಆರಿಸಿದ ಆಯ್ಕೆ. ಸರಿ, ತಪ್ಪು ಎಂದಷ್ಟೇ ಗುರುತು ಹಾಕಿದರೆ ಪಾಠ ಎಲ್ಲಿ ಮುಟ್ಟಿಲ್ಲ ಎಂಬುದು ತಿಳಿಯುವುದಿಲ್ಲ.

0.8, 0.35, 0.417, 0.09: ಇವುಗಳಲ್ಲಿ ದೊಡ್ಡದು ಯಾವುದು? 0.417 ಎಂದವರು ಬಿಂದುವಿನ ಬಲಗಡೆಯದನ್ನು ಪೂರ್ಣಸಂಖ್ಯೆಯಂತೆ ಓದಿರುತ್ತಾರೆ. ಅವರಿಗೆ ಸ್ಥಾನಬೆಲೆಯನ್ನು ಮತ್ತೆ ಹೇಳಿಕೊಡಬೇಕು. ಆದರೆ 0.8 ಎಂದು ಪೂರ್ಣ ಅಂಕ ಪಡೆದವರಲ್ಲೂ ಕೆಲವರು ‘ಬಿಂದುವಿನ ನಂತರ ಅಂಕಿ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು’ ಎಂದು ನಂಬಿ ಬರೆದಿರುತ್ತಾರೆ. ಪರೀಕ್ಷೆಗೆ ಇವರು ಕಾಣಿಸುವುದೇ ಇಲ್ಲ. ಹಾಗಾಗಿ 0.4, 0.73 ಕೊಟ್ಟು ದೊಡ್ಡದನ್ನು ಕೇಳಿ, ಕಾರಣವನ್ನೂ ಬರೆಸುತ್ತೇನೆ. 0.4 ಎಂದವರು ಆಗ ಸಿಗುತ್ತಾರೆ.

40 ಮಕ್ಕಳ ತರಗತಿಯಲ್ಲಿ, ನಾಲ್ಕು ಆಯ್ಕೆಯ ಪ್ರಶ್ನೆಗೆ ಬರೀ ಊಹೆಯಿಂದಲೇ ಸುಮಾರು 10 ಮಂದಿ ಸರಿಯುತ್ತರ ಕೊಡಬಹುದು. ನಾಲ್ಕೇ ಮಂದಿ ಕೊಟ್ಟಿದ್ದರೆ ಮೊದಲು ಉತ್ತರಸೂಚಿಯನ್ನೇ ಪರಿಶೀಲಿಸಬೇಕು. ಸೂಚಿ ಸರಿಯಿದ್ದು, ಉಳಿದವರೆಲ್ಲ ಒಂದೇ ತಪ್ಪು ಆಯ್ಕೆಗೆ ಹೋಗಿದ್ದರೆ ಅದು ಕಲಿತ ತಪ್ಪು. ಇನ್ನೊಂದು ತಪಾಸಣೆಯೂ ಬೇಕು: ಒಟ್ಟು ಅಂಕದಲ್ಲಿ ಮೇಲಿನ 10 ಮಂದಿಗಿಂತ ಕೆಳಗಿನ 10 ಮಂದಿಯೇ ಹೆಚ್ಚು ಸರಿ ಬರೆದಿದ್ದರೆ ಪ್ರಶ್ನೆಯ ವಾಕ್ಯ ಅಸ್ಪಷ್ಟವಾಗಿರುವ ಸಾಧ್ಯತೆ ಹೆಚ್ಚು. ಅಂಥ ಪ್ರಶ್ನೆ ನೋಡಿ ಪಾಠ ಬದಲಿಸುವುದಿಲ್ಲ.

ಸರಾಸರಿಯ ವಿಷಯಕ್ಕೆ ಬಂದರೆ, ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 15 ಇದ್ದಾಗ 40 ಮಕ್ಕಳ ಸರಾಸರಿಯ ಮಾನಕ ದೋಷ (ಮಕ್ಕಳು ಬದಲಾದರೆ ಸರಾಸರಿ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಎಂಬುದರ ಅಳತೆ) 15 ಭಾಗಿಸು 40ರ ವರ್ಗಮೂಲ, ಅಂದರೆ ಸುಮಾರು 2.4. ಎರಡು ವರ್ಷಗಳ ಸರಾಸರಿಯನ್ನು ಹೋಲಿಸುವಾಗ ಎರಡರ ದೋಷವೂ ಸೇರಿ ಅದು ಸುಮಾರು 3.4 ಆಗುತ್ತದೆ. ಮಕ್ಕಳೇ ಬೇರೆಯಾದ್ದರಿಂದಲೇ 3 ಅಂಕ ಏರಬಹುದು, ಇಳಿಯಬಹುದು. ಅದನ್ನು ಶಿಕ್ಷಕರ ಸಾಮರ್ಥ್ಯದ ಅಳತೆ ಎನ್ನುವುದು ಅನ್ಯಾಯ. ಪರಿಶೀಲನಾ ಸಭೆಗೆ ಈ ಲೆಕ್ಕವನ್ನು ಬರೆದುಕೊಂಡೇ ಹೋಗುತ್ತೇನೆ.

ಅಳತೆಯನ್ನು ನಿರ್ಧಾರಗಳಿಗೆ ಬಳಸಿದಷ್ಟೂ ಆ ಅಳತೆಯೇ ಕೆಡುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಪರೀಕ್ಷೆ ಇಡೀ ಪಠ್ಯದಿಂದ ಆಯ್ದ ಒಂದು ಸಣ್ಣ ಮಾದರಿ. ಆ ಮಾದರಿಯನ್ನೇ ಉರುಹೊಡೆಸಿದರೆ ಅಂಕ ಏರುತ್ತದೆ, ಪ್ರಶ್ನೆಯ ರೂಪ ಬದಲಾದ ಕೂಡಲೇ ಇಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಮಯ ಹಂಚಿಕೊಳ್ಳುವುದನ್ನೂ ಉತ್ತರಹಾಳೆ ತುಂಬುವುದನ್ನೂ ಕಲಿಸಲು ಬಳಸುತ್ತೇನೆ, ಅಷ್ಟಕ್ಕೇ.

ಫಲಿತಾಂಶದ ಒತ್ತಡವಿದ್ದಾಗ ಪಾಸಿನ ಗೆರೆಯ ಆಚೀಚೆ ಇರುವವರಿಗೇ ಎಲ್ಲ ಗಮನ ಹೋಗುತ್ತದೆ; ತೀರಾ ಹಿಂದಿರುವವರು ಕೈಬಿಟ್ಟುಹೋಗುತ್ತಾರೆ. ಇದಕ್ಕೆ ನಾನು ಕಂಡುಕೊಂಡ ದಾರಿ, ಅಂಕದ ಬದಲು ತಪ್ಪಿನ ಮೇಲೆ ಗುಂಪು ಮಾಡುವುದು. 0.417 ಬರೆದ ಗುಂಪಿನಲ್ಲಿ 75 ಅಂಕದ ಮಗುವೂ ಇರುತ್ತದೆ, 20 ಅಂಕದ ಮಗುವೂ ಇರುತ್ತದೆ. ಆ ತಪ್ಪು ತಿದ್ದಿದ ದಿನವೇ ಗುಂಪನ್ನು ಬಿಡಿಸುತ್ತೇನೆ.