ಇಯರ್‌ಹಾರ್ಟ್ ಕಣ್ಮರೆಯನ್ನು ಯುದ್ಧತಂತ್ರದ ಆಟದಲ್ಲಿ ಅಳವಡಿಸುವ ಬಗೆ

ಹಾಸನದಲ್ಲಿ ನಾವು ಐದು ಮಂದಿ ಭಾನುವಾರದ ಮಧ್ಯಾಹ್ನಗಳಲ್ಲಿ ಆಡುವ ಆಟವೊಂದಿದೆ. 1936ರಿಂದ 1945ರವರೆಗಿನ ಪ್ರಪಂಚದ ನಕ್ಷೆಯನ್ನು ನಾಲ್ಕು ಚಾರ್ಟ್ ಹಾಳೆಗಳ ಮೇಲೆ ಬರೆದುಕೊಂಡು, ಒಬ್ಬೊಬ್ಬರು ಒಂದೊಂದು ದೇಶವನ್ನು ವಹಿಸಿಕೊಂಡು, ತಿಂಗಳಿಗೊಂದು ಸುತ್ತಿನಂತೆ ಕಾಯಿಗಳನ್ನು ನಡೆಸುತ್ತೇವೆ. ನೌಕಾಪಡೆಯ ಎಣ್ಣೆಯ ಲೆಕ್ಕಕ್ಕೆ ಹುರಿಯದ ಕಾಫಿ ಬೀಜಗಳನ್ನು ಬಳಸುತ್ತೇವೆ; ಈ ಸೀಮೆಯಲ್ಲಿ ಅದಕ್ಕಿಂತ ಸುಲಭವಾಗಿ ಸಿಗುವ ವಸ್ತು ಇನ್ನೊಂದಿಲ್ಲ. ಇಂಥ ಆಟಕ್ಕೆ, ವಿಮಾನದಲ್ಲಿ ಪ್ರಪಂಚವನ್ನು ಸುತ್ತಲು ಹೊರಟಿದ್ದ ಅಮೆರಿಕದ ವಿಮಾನ ಚಾಲಕಿ ಅಮೇಲಿಯಾ ಇಯರ್‌ಹಾರ್ಟ್ ಅವರ ಕಣ್ಮರೆಯನ್ನು ಒಂದು ಘಟನಾ ಚೀಟಿಯಾಗಿ ಸೇರಿಸುವ ಕ್ರಮವನ್ನು, ನಾವು ಮಾಡಿದ ಒಂದು ತಪ್ಪಿನ ಸಮೇತ, ಇಲ್ಲಿ ವಿವರಿಸುತ್ತೇನೆ.

ಮೊದಲು ಚೀಟಿಯ ಮುಖಭಾಗವನ್ನು ಬರೆಯಬೇಕು. 1937ರ ಜುಲೈ 2ರಂದು ಇಯರ್‌ಹಾರ್ಟ್ ಮತ್ತು ಅವರ ಪಥದರ್ಶಕ ಫ್ರೆಡ್ ನೂನನ್ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನದಲ್ಲಿ ನ್ಯೂಗಿನಿಯ ಲೇ ಪಟ್ಟಣದಿಂದ ಹೊರಟು, ಸುಮಾರು 4,100 ಕಿ.ಮೀ. ದೂರದಲ್ಲಿ ಪೆಸಿಫಿಕ್ ಸಾಗರದ ನಡುವಿರುವ ಹೌಲೆಂಡ್ ದ್ವೀಪವನ್ನು ತಲುಪದೆ ಹೋದರು. ನೂನನ್ ಅವರ ಹೆಸರನ್ನು ದಯವಿಟ್ಟು ಬಿಡಬೇಡಿ. ಈ ಕಥೆಯನ್ನು ಹೇಳುವವರಲ್ಲಿ ಬಹಳಷ್ಟು ಮಂದಿ ಬಿಡುತ್ತಾರೆ. ಬ್ರಿಟಿಷ್ ಪಾಳಯವನ್ನು ವಹಿಸಿದವರಿಗೂ ಒಂದು ಪಾಲಿರಲಿ ಎನ್ನುವುದಾದರೆ, ಜೂನ್ ಸುತ್ತಿನಲ್ಲೇ ಇನ್ನೊಂದು ಚಿಕ್ಕ ಚೀಟಿಯನ್ನು ಇಡಬಹುದು: ವಿಮಾನ ಕರಾಚಿ, ಕಲ್ಕತ್ತಗಳಲ್ಲಿ ಇಳಿದಿತ್ತು, ಬರ್ಮಾದ ಅಕ್ಯಾಬ್‌ನಿಂದ ಮುಂದಕ್ಕೆ ಹೊರಟಾಗ ಮುಂಗಾರು ಮಳೆಗೆ ಸಿಕ್ಕಿ ಹಿಂದಿರುಗಿತ್ತು.

ವಿಮಾನದ ಹಾರಾಟವನ್ನು ಆಟಗಾರರ ಕೈಗೆ ಕೊಡಬಾರದು. ಕೊಟ್ಟರೆ ಯಾರಾದರೊಬ್ಬರು ಅದನ್ನು ಹೌಲೆಂಡಿನಲ್ಲಿ ಇಳಿಸಿಯೇ ತೀರುತ್ತಾರೆ, ಘಟನೆ ಅಲ್ಲಿಗೇ ಮುಗಿಯುತ್ತದೆ. ಆಡಬೇಕಾದದ್ದು ಶೋಧವನ್ನು. ಆದ್ದರಿಂದ ಆ ಜುಲೈ ತಿಂಗಳೊಂದನ್ನು ಮಾತ್ರ ವಾರದ ಸುತ್ತುಗಳಾಗಿ ಒಡೆಯಿರಿ. ಅಮೆರಿಕ ನಡೆಸಿದ ಶೋಧ ಜುಲೈ 19ರವರೆಗೆ ಸಾಗಿ, ಕರ್ನಾಟಕದ ವಿಸ್ತಾರದ ಮೂರು ಪಟ್ಟಿಗೂ ಮೀರಿದ ಸಮುದ್ರವನ್ನು ಜಾಲಾಡಿತು. ಕೊಲೊರಾಡೊ ಎಂಬ ಯುದ್ಧನೌಕೆಯೂ ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ನೌಕೆಯೂ ಅದರಲ್ಲಿ ತೊಡಗಿದ್ದವು. ಈ ಎರಡು ಕಾಯಿಗಳು ಶೋಧದಲ್ಲಿರುವಷ್ಟು ವಾರ ಬೇರೆ ಯಾವ ಕೆಲಸಕ್ಕೂ ಸಿಗಬಾರದು. ಕೊಲೊರಾಡೊಗೆ ವಾರಕ್ಕೆ ಎರಡು, ಲೆಕ್ಸಿಂಗ್ಟನ್‌ಗೆ ನಾಲ್ಕು ಬೀಜಗಳನ್ನು ತೆರಬೇಕು. ಜುಲೈ 7ರಂದು ಬೀಜಿಂಗ್ ಸಮೀಪದ ಮಾರ್ಕೊ ಪೋಲೊ ಸೇತುವೆಯ ಬಳಿ ಚೀನಾ ಮತ್ತು ಜಪಾನ್ ಸೈನ್ಯಗಳ ನಡುವೆ ಗುಂಡು ಹಾರಿ ಯುದ್ಧ ಹೊತ್ತಿಕೊಂಡಿತೆಂಬುದನ್ನು ನೆನೆದರೆ ಈ ಬೆಲೆಯ ಅರ್ಥ ತಿಳಿಯುತ್ತದೆ. ಕಣ್ಮರೆಗೂ ಆ ಯುದ್ಧಕ್ಕೂ ನಡುವೆ ಇದ್ದದ್ದು ಐದೇ ದಿನ. ಅಮೆರಿಕದ ಹಡಗುಗಳು ಪೆಸಿಫಿಕ್ಕಿನ ನಡುವೆ ಇಬ್ಬರನ್ನು ಹುಡುಕುತ್ತಿರುವಾಗಲೇ ಜಪಾನ್ ವಹಿಸಿದವರು ಚೀನಾದತ್ತ ಕಾಯಿ ನಡೆಸಬೇಕು.

ರೇಡಿಯೊದ ಭಾಗಕ್ಕೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಈ ಘಟನೆಯ ಜೀವ ಇರುವುದೇ ಅಲ್ಲಿ. ಹೌಲೆಂಡ್ ಸುಮಾರು ಎರಡೂವರೆ ಕಿ.ಮೀ. ಉದ್ದದ, ಎತ್ತರವೇ ಇಲ್ಲದ ದ್ವೀಪ. ಅಲ್ಲಿ ಕಾದಿದ್ದ ಇಟಾಸ್ಕ ಎಂಬ ಕರಾವಳಿ ಕಾವಲು ಹಡಗಿಗೆ ಇಯರ್‌ಹಾರ್ಟ್ ಅವರ ದನಿ ಚೆನ್ನಾಗಿಯೇ ಕೇಳಿಸಿತು. ತಾವು ಹಡಗಿನ ಬಳಿಯೇ ಇರಬೇಕು, ಆದರೆ ಅದು ಕಾಣುತ್ತಿಲ್ಲ, ಇಂಧನ ಕಡಿಮೆಯಾಗುತ್ತಿದೆ ಎಂಬ ಸಂದೇಶ ಬಂತು. ಒಂದು ಗಂಟೆಯ ಬಳಿಕ, ತಾವು 157–337 ಡಿಗ್ರಿಯ ರೇಖೆಯ (ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಾಯುವ ಗೆರೆಯ) ಮೇಲಿದ್ದೇವೆ ಎಂಬುದೂ ಬಂತು. ಆದರೂ ಹಡಗಿಗೆ ವಿಮಾನದ ದಿಕ್ಕು ಸಿಗಲಿಲ್ಲ, ವಿಮಾನಕ್ಕೆ ಹಡಗಿನ ದಿಕ್ಕು ಸಿಗಲಿಲ್ಲ. ದನಿ ಕೇಳುವುದು ಬೇರೆ, ಅದು ಬರುವ ದಿಕ್ಕನ್ನು ಹಿಡಿಯುವುದು ಬೇರೆ ಎಂಬುದು, ಉಪಗ್ರಹ ನಿಯಂತ್ರಣ ಕೇಂದ್ರವಿರುವ ನಮ್ಮ ಊರಿನವರಿಗೆ ವಿವರಿಸಿ ಹೇಳಬೇಕಾದ ಸಂಗತಿಯೇನಲ್ಲ.

ಇದನ್ನು ದಾಳಕ್ಕೆ ಇಳಿಸುವುದು ಹೀಗೆ. ಅಮೆರಿಕ ವಹಿಸಿದವರು ಪ್ರತಿ ವಾರ ಎರಡು ದಾಳಗಳನ್ನು ಹಾಕಲಿ. ಮೊತ್ತ 2ರಿಂದ 6ರೊಳಗೆ ಬಂದರೆ ಖಾಲಿ ಸಮುದ್ರ. 7ರಿಂದ 9 ಬಂದರೆ ಎಲ್ಲಿಂದಲೋ ರೇಡಿಯೊ ಸದ್ದು ಕೇಳಿದ ವರದಿ. ಆಗ ನಕ್ಷೆಯ ಒಂದು ಚೌಕಕ್ಕೆ ಹಡಗನ್ನು ಕಳುಹಿಸಬೇಕು, ಇಲ್ಲವಾದರೆ ಜನಬೆಂಬಲದಲ್ಲಿ ಒಂದು ಅಂಕ ಕಳೆದುಕೊಳ್ಳಬೇಕು. ಕಣ್ಮರೆಯ ನಂತರ ಇಂಥ ವರದಿಗಳು ನಿಜವಾಗಿಯೂ ಬಹಳ ಬಂದವು, ಅವುಗಳಲ್ಲಿ ಕೆಲವು ಕಿಡಿಗೇಡಿಗಳ ಸೃಷ್ಟಿಯಾಗಿದ್ದವು. 10 ಅಥವಾ ಹೆಚ್ಚು ಬಂದರೆ ಒಂದು ವದಂತಿ ಚೀಟಿ. ಎರಡು ದಾಳಗಳ 36 ಬೀಳುವಿಕೆಗಳಲ್ಲಿ ಮೊದಲೆರಡಕ್ಕೆ ಹದಿನೈದು ಹದಿನೈದರಂತೆಯೂ ಕೊನೆಯದಕ್ಕೆ ಆರೂ ಸಲ್ಲುವುದರಿಂದ ವದಂತಿ ಅಪರೂಪವಾಗಿಯೇ ಉಳಿಯುತ್ತದೆ.

ನಮ್ಮ ತಪ್ಪು ನಡೆದದ್ದು ಈ ವದಂತಿಗಳಲ್ಲಿ. ಮೊದಲ ಸಲ ನಾನು "ಜಪಾನಿನ ಆಡಳಿತದಲ್ಲಿದ್ದ ಸೈಪಾನ್ ದ್ವೀಪದಲ್ಲಿ ಸೆರೆ ಸಿಕ್ಕರು" ಎಂಬುದನ್ನು ನಿಜವಾದ ಉತ್ತರವೆಂದು ಬರೆದಿಟ್ಟಿದ್ದೆ. ಅಮೆರಿಕ ವಹಿಸಿದ ಗೆಳೆಯರು ಯುರೋಪನ್ನು ಮರೆತು, ಇದ್ದಬದ್ದ ಬೀಜಗಳನ್ನೆಲ್ಲ ಆ ಒಂದು ಚೀಟಿಯ ಬೆನ್ನಿಗೆ ಸುರಿದರು; ಆಟ ನಿಧಿ ಹುಡುಕಾಟವಾಗಿಬಿಟ್ಟಿತು. ಈಗ ಮೂರು ವದಂತಿಗಳಿವೆ, ಉತ್ತರವಿಲ್ಲ. ಒಂದು, ಇಂಧನ ಮುಗಿದು ವಿಮಾನ ಸಮುದ್ರಕ್ಕೆ ಬಿದ್ದಿತೆಂಬುದು. ಎರಡನೆಯದು, ಹೌಲೆಂಡಿನ ದಕ್ಷಿಣ-ಆಗ್ನೇಯಕ್ಕಿರುವ ಗಾರ್ಡ್ನರ್ ದ್ವೀಪದಲ್ಲಿ ಇಳಿದರೆಂಬುದು. ಅಲ್ಲಿ ಮೂಳೆಗಳು ಸಿಕ್ಕಿದ್ದು 1940ರಲ್ಲಾದ್ದರಿಂದ ಈ ಚೀಟಿಯನ್ನು ಸೆಳೆದವರು ಆ ವರ್ಷದವರೆಗೆ ಅದನ್ನು ಮಡಿಸಿಯೇ ಇಟ್ಟುಕೊಳ್ಳಬೇಕು. ಮೂರನೆಯದು ಜಪಾನಿನ ಸೆರೆಯದು. ಈ ವದಂತಿಯ ಪ್ರಕಾರ ಅವರು ಇಳಿದ ಮಾರ್ಷಲ್ ದ್ವೀಪಗಳು ಆಗ ಜಪಾನಿನ ಆಡಳಿತದಲ್ಲಿದ್ದವಾದ್ದರಿಂದ, ಅಲ್ಲಿ ಹುಡುಕಲು ಅನುಮತಿ ಕೊಡಬೇಕೋ ಬೇಡವೋ ಎಂಬುದನ್ನು ಜಪಾನ್ ವಹಿಸಿದವರೇ ತೀರ್ಮಾನಿಸಲಿ. ಕೊಟ್ಟರೆ ಅವರ ಕೋಟೆಕೊತ್ತಲಗಳು ಬಯಲಾಗುತ್ತವೆ, ಕೊಡದಿದ್ದರೆ ಸಂಶಯ ಬೆಳೆಯುತ್ತದೆ. ನಮ್ಮಲ್ಲಿ ಅತ್ಯಂತ ದೀರ್ಘವಾದ ವಾದಗಳು ನಡೆಯುವುದು ಈ ಘಟ್ಟದಲ್ಲೇ, ಎರಡು ಲೋಟ ಕಾಫಿಯಾದರೂ ಮುಗಿಯುತ್ತದೆ.

ಜುಲೈ 19ರ ಸುತ್ತು ಮುಗಿದೊಡನೆ ಹಡಗುಗಳನ್ನು ಹಿಂದಕ್ಕೆ ಕರೆಸಿ, ತಿಂಗಳ ಸುತ್ತಿಗೆ ಮರಳಬೇಕು. ಕೊನೆಯ ಚೀಟಿಯನ್ನು 1939ರ ಜನವರಿ ಸುತ್ತಿನಲ್ಲಿ ಇಡಿ: ಆ ತಿಂಗಳ 5ರಂದು ಇಯರ್‌ಹಾರ್ಟ್ ಮೃತರಾದರೆಂದು ಕಾನೂನು ಪ್ರಕಾರ ಘೋಷಿಸಲಾಯಿತು. ಆ ಚೀಟಿಗೆ ದಾಳ ಹಾಕುವುದಿಲ್ಲ, ಬೀಜವನ್ನೂ ತೆರುವುದಿಲ್ಲ. ಅಮೆರಿಕ ವಹಿಸಿದವರು ಅದನ್ನು ಗಟ್ಟಿಯಾಗಿ ಓದಿ ಪಕ್ಕಕ್ಕಿಡುತ್ತಾರೆ.