‘ಹೌರಗ’ ಅಂದರೆ ಪೂರ್ತಿ ಬಿಡಬೇಡಿ

ಗಂಗಾವತಿಯಲ್ಲಿ ಹದಿನೆಂಟು ವರ್ಷದಿಂದ ಕಾರು ಕಲಿಸುತ್ತಿದ್ದೇನೆ. ಬ್ಯಾಂಕು, ಶಾಲೆ ಅಂತ ಮೈಸೂರು, ಮಂಡ್ಯ ಕಡೆಯಿಂದ ವರ್ಗವಾಗಿ ಬಂದವರೂ ನನ್ನ ಹತ್ತಿರ ಕಲಿಯುತ್ತಾರೆ. ಅವರಿಗೆ ಗೇರಿಗಿಂತ ನನ್ನ ಮಾತೇ ಕಷ್ಟ. ಒಬ್ಬ ಮೇಡಂಗೆ ‘ಕ್ಲಚ್ ಹೌರಗ ಬಿಡ್ರೀ’ ಅಂದೆ. ಅವರು ಒಮ್ಮೆಲೇ ಬಿಟ್ಟರು. ಗಾಡಿ ಕಪ್ಪೆ ಹಾಗೆ ಕುಪ್ಪಳಿಸಿ ಆಫ್ ಆಯಿತು. ‘ಹಗುರ ಅಂದ್ರಲ್ಲ ಸರ್, ಕಾಲು ಹಗುರ ಮಾಡಿದೆ’ ಅಂದರು. ತಪ್ಪು ಅವರದಲ್ಲ ಬಿಡಿ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಪದ ಕಲಿಯಿರಿ. ‘ಹೌರಗ’ ಅಂದರೆ ಮೆಲ್ಲಗೆ, ನಾಜೂಕಾಗಿ. ‘ಲಗೂನ’ ಅಂದರೆ ಬೇಗ. ತಮಾಷೆ ನೋಡಿ, ಹೌರಗ ಬಂದದ್ದು ‘ಹಗುರ’ದಿಂದ, ಲಗು ಬಂದದ್ದು ‘ಲಘು’ವಿನಿಂದ. ಎರಡೂ ಭಾರವಿಲ್ಲದ್ದೇ. ಒಂದು ನಿಧಾನದ ಕಡೆ ಹೋಯಿತು, ಇನ್ನೊಂದು ಓಟದ ಕಡೆ. ಕೈಯಲ್ಲಿ ತತ್ತಿ ಹಿಡಿದವರಿಗೆ ‘ಹೌರಗ’ ಅನ್ನಿ. ಬಸ್ಸು ಬಿಡುವ ಹೊತ್ತಾದರೆ ‘ಲಗೂನ ಬರ್ರಿ’ ಅನ್ನಿ. ಆ ‘ರಿ’ ಮಾತ್ರ ನುಂಗಬೇಡಿ. ಹಿರಿಯರಿಗೆ ಬರೀ ‘ಲಗೂನ ಬಾ’ ಅಂದರೆ ಮುಖ ದಪ್ಪ ಮಾಡಿಕೊಳ್ಳುತ್ತಾರೆ.

‘ಸಾವಕಾಶ’ ಬೇರೆ. ಹೌರಗ ಕೈಕಾಲಿನ ಮಾತು, ಸಾವಕಾಶ ಸಮಯದ ಮಾತು. ಕ್ಲಚ್ಚನ್ನು ಹೌರಗ ಬಿಡಬೇಕು, ಊರಿಗೆ ಸಾವಕಾಶ ಹೋಗಬೇಕು. ಮನೆಗೆ ಬಂದ ಬೀಗರನ್ನು ಕಳಿಸುವಾಗ ‘ಸಾವಕಾಶ ಹೋಗಿ ಬರ್ರಿ’ ಅನ್ನದಿದ್ದರೆ ನಮಗೆ ಬೀಳ್ಕೊಟ್ಟ ಹಾಗೇ ಆಗುವುದಿಲ್ಲ.

‘ಜಲ್ದಿ’ ಉರ್ದುವಿನಿಂದ ಬಂದದ್ದು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಅಲ್ವಾ? ಕಚೇರಿ ನಡೆದದ್ದೇ ಉರ್ದುವಿನಲ್ಲಿ. ಈಗ ಅದು ನಮ್ಮದೇ ಪದ. ಸುಮ್ನೆ ಬಳಸಿ.

‘ಜೋರು’ ಬಳಸುವಾಗ ಎಚ್ಚರ. ಜೋರಾಗಿ ಓಡಿಸಬಹುದು, ಜೋರಾಗಿ ಕೂಗಬಹುದು, ಮಳೆ ಜೋರಾಗಬಹುದು. ಒಮ್ಮೆ ಕಂಪ್ಲಿ ರಸ್ತೆಯಲ್ಲಿ ಹುಡುಗನೊಬ್ಬ ತೊದಲುತ್ತಾ ಏನೋ ಕೇಳಿದ. ‘ಜೋರು!’ ಅಂದೆ, ಕೇಳಿಸಲಿಲ್ಲ ಅಂತ. ಅವನು ರೇಸ್ ಕೊಟ್ಟ. ಮುಂದೆ ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರ್. ನನ್ನ ಕಡೆಯೂ ಒಂದು ಬ್ರೇಕ್ ಇದ್ದದ್ದಕ್ಕೆ ಬದುಕಿದೆವು. ಅಂದಿನಿಂದ ದನಿಗೆ ‘ಗಟ್ಟಿಯಾಗಿ’ ಅನ್ನುತ್ತೇನೆ.

ಇನ್ನು ಜೋಡಿ ಪದಗಳು. ಇವಕ್ಕೆ ನಿಯಮ ಅಂತ ಏನೂ ಇಲ್ಲ. ಯಾವ ಪದ ಯಾವ ಕೆಲಸಕ್ಕೆ ಅಂಟಿದೆ ಅಂತ ನೆನಪಿಟ್ಟುಕೊಳ್ಳಬೇಕು, ಅಷ್ಟೆ. ಬಿರಬಿರ ನಡೆಯುತ್ತಾರೆ. ಸರಸರ ಮರ ಹತ್ತುತ್ತಾರೆ. ಪಟಪಟ ಮಾತಾಡುತ್ತಾರೆ. ಗಬಗಬ ತಿನ್ನುತ್ತಾರೆ, ಗಟಗಟ ಕುಡಿಯುತ್ತಾರೆ. ದಡದಡ ಮೆಟ್ಟಿಲು ಇಳಿಯುತ್ತಾರೆ. ಗಬಗಬ ನಡೆದೆ ಅಂದರೆ ಮಕ್ಕಳೂ ನಗುತ್ತವೆ. ಗಬಗಬ ಅನ್ನುವುದರಲ್ಲಿ ಬೈಗುಳವೂ ಇದೆ. ಅತಿಥಿಗೆ ಹೇಳಬೇಡಿ.

ಮನುಷ್ಯರ ಬಗ್ಗೆ ಹೇಳುವಾಗ ಇನ್ನೂ ಹುಷಾರು. ‘ನಿಧಾನಸ್ಥ’ ಅಂದರೆ ಹೊಗಳಿಕೆ, ‘ಮಂದ’ ಅಂದರೆ ಜಗಳ.

‘ಅವಸರ’ದ ಕಥೆ ನನ್ನದೇ ಪೆದ್ದತನ. ನಮ್ಮ ಸುತ್ತ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ. ಅಲ್ಲಿನ ಒಬ್ಬ ಹಿರಿಯರು ನಾಲ್ಕು ದಿನ ಕಲಿತು, ‘ಇಂಕ ಅವಸರಂ ಲೇದು’ ಅಂದರು. ಇನ್ನು ಗಡಿಬಿಡಿ ಇಲ್ಲ, ಸಾವಕಾಶ ಕಲಿಯುತ್ತಾರೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಆರಕ್ಕೇ ಕಾರು ಒಯ್ದು ಅವರ ಮನೆ ಮುಂದೆ ನಿಂತೆ. ತೆಲುಗಿನಲ್ಲಿ ‘ಅವಸರಂ’ ಅಂದರೆ ಅಗತ್ಯ. ನಿನ್ನ ಪಾಠ ಸಾಕಪ್ಪಾ ಅಂತ ಅವರು ಹೇಳಿದ್ದರು! ಚಹಾ ಕುಡಿಸಿ ಕಳಿಸಿದರು, ಪುಣ್ಯಾತ್ಮರು.

‘ವೇಗ’ ಬರಹದ ಪದ. ಬಸ್ಸಿನ ಬೋರ್ಡಿನಲ್ಲಿ ‘ವೇಗದೂತ’ ಇರುತ್ತದೆ, ರಸ್ತೆ ಬದಿಯಲ್ಲಿ ‘ವೇಗ ಮಿತಿ’ ಇರುತ್ತದೆ. ಬಾಯಲ್ಲಿ ಕಡಿಮೆ. ನನ್ನ ಮಗಳ ವಿಜ್ಞಾನದ ಪುಸ್ತಕದಲ್ಲಿ ಇನ್ನೂ ಒಂದು ಕೊಸರು: ಎಷ್ಟು ಜೋರು ಅನ್ನುವುದಷ್ಟೇ ಇದ್ದರೆ ‘ಜವ’, ಯಾವ ದಿಕ್ಕಿಗೆ ಅಂತಲೂ ಸೇರಿದರೆ ‘ವೇಗ’. ಪರೀಕ್ಷೆಗೆ ಓದಿಕೊಳ್ಳಿ. ನನ್ನ ಕಾರಿನಲ್ಲಿ ‘ಸ್ಪೀಡ್’ ಸಾಕು. ಆದರೆ ಅಳತೆ ಗೊತ್ತಿರಲಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮೊಬೈಲ್ ನೋಡಿ ತಲೆ ಎತ್ತುವಷ್ಟರಲ್ಲಿ ಒಂದು ಓಣಿ ದಾಟಿರುತ್ತೀರಿ.

ಕೊನೆಗೆ, ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವ ಪದ ‘ಬಂದೆ’. ಫೋನಿನಲ್ಲಿ ‘ಎಲ್ಲಿದ್ದೀರಿ?’ ಅಂದರೆ ‘ಬಂದೆ ಸರ್’ ಅನ್ನುತ್ತಾರೆ. ವ್ಯಾಕರಣದಲ್ಲಿ ಅದು ಭೂತಕಾಲ. ನಮ್ಮಲ್ಲಿ ಅದರ ಅರ್ಥ ಇನ್ನೂ ಚಪ್ಪಲಿ ಹುಡುಕುತ್ತಿದ್ದೇನೆ ಅಂತ. ‘ಬಂದೇಬಿಟ್ಟೆ’ ಅಂದರೆ ಸ್ನಾನವೂ ಆಗಿಲ್ಲ. ನಾನು ಅದನ್ನು ಕೇಳಿದ ಕೂಡಲೇ ಹೋಟೆಲಿನವನಿಗೆ ಇನ್ನೊಂದು ಚಹಾ ಹೇಳುತ್ತೇನೆ. ಅವನೂ ‘ತಂದೆ’ ಅನ್ನುತ್ತಾನೆ.