ಅತಿಮಧುರ: ನೆಟ್ಟ ಮೇಲೆ ಮೂರು ವರ್ಷ ಕಾಯಿರಿ

ಒಣಕೆಮ್ಮು ಬಿಡದೆ ಕಾಡುವಾಗ ಅತಿಮಧುರದ ಬೇರಿನ ಒಂದು ಚೂರನ್ನು ದವಡೆಯಲ್ಲಿಟ್ಟು ರಸ ನುಂಗುತ್ತಿದ್ದರೆ ಗಂಟಲಿನ ಕೆರೆತ ಇಳಿಯುತ್ತದೆ. ಜ್ಯೇಷ್ಠಮಧು ಎನ್ನುವುದೂ ಇದನ್ನೇ. ಇದನ್ನು ಬೆಳೆಸುವುದು ಕಷ್ಟವಲ್ಲ, ಆದರೆ ತಾಳ್ಮೆ ಬೇಕು.

ಬೀಜದ ಸಿಪ್ಪೆ ಗಟ್ಟಿ. ಮರಳುಕಾಗದದ ಮೇಲೆ ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ನೆನೆಸಿ ಬಿತ್ತಬೇಕು. ಅದಕ್ಕಿಂತ ಬುಡದಿಂದ ಹರಿಯುವ ಬಳ್ಳಿಬೇರನ್ನು ಗೇಣುದ್ದ ಕತ್ತರಿಸಿ ನೆಡುವುದೇ ನನಗೆ ಮೆಚ್ಚುಗೆ. ತುಂಡಿಗೆ ಎರಡು ಮೂರು ಕಣ್ಣಿದ್ದರೆ ಸಾಕು. ಬಿಸಿಲು ಚೆನ್ನಾಗಿ ಬೀಳುವ, ಸಡಿಲವಾದ ಮರಳು ಮಿಶ್ರಿತ ಮಣ್ಣು ಹುಡುಕಿ. ನೀರು ನಿಲ್ಲುವ ಜಾಗವಾದರೆ ಬೇರು ಕೊಳೆತೇ ಹೋಗುತ್ತದೆ. ತಾಯಿಬೇರು ಆಳಕ್ಕಿಳಿಯುವುದರಿಂದ ಸಣ್ಣ ಕುಂಡ ಸಾಲದು, ತಳದಲ್ಲಿ ತೂತು ಮಾಡಿದ ಎರಡು ಅಡಿ ಆಳದ ಡ್ರಮ್ ಇಡಿ. ಇದು ಅವರೆ, ಹೆಸರು ಗಿಡಗಳ ಕುಲದ್ದು, ಬೇರಿನ ಗಂಟುಗಳಲ್ಲಿ ತನಗೆ ಬೇಕಾದ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಯೂರಿಯಾ ಹಾಕುವ ಗೋಜಿಗೆ ಹೋಗಬೇಡಿ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾದರೆ ಗಿಡ ಸತ್ತಿತೆಂದು ಕಿತ್ತೆಸೆಯಬೇಡಿ, ಮತ್ತೆ ಚಿಗುರುತ್ತದೆ.

ಮೊದಲ ವರ್ಷದ ಬೇರಿನಲ್ಲಿ ಸತ್ವ ಕಡಿಮೆ. ಮೂರು ನಾಲ್ಕು ವರ್ಷ ಕಳೆದು, ಎಲೆ ಹಳದಿಗೆ ತಿರುಗಿದಾಗ ಸುತ್ತ ಮಣ್ಣು ಬಿಡಿಸಿ ಬೇರು ತೆಗೆಯಿರಿ. ಕಣ್ಣಿರುವ ಬಳ್ಳಿಬೇರನ್ನು ಅಲ್ಲೇ ಮತ್ತೆ ನೆಟ್ಟುಬಿಡಿ. ಉಳಿದದ್ದನ್ನು ತೊಳೆದು, ತುಂಡರಿಸಿ, ಗಾಳಿಯಾಡುವ ನೆರಳಲ್ಲಿ ಪೂರಾ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿಡಬೇಡಿ, ಬೇಕಾದಾಗ ಬೇಕಾದಷ್ಟೇ ಕುಟ್ಟಿಕೊಳ್ಳಿ.

ಇನ್ನೊಂದು ಮಾತು. ಗುಲಗಂಜಿ ಬಳ್ಳಿಯ ಬೇರೂ ಸಿಹಿ, ಕೆಲವರು ಅದನ್ನೇ ಅತಿಮಧುರವೆಂದು ಕೊಡುವುದುಂಟು. ಕೆಂಪು ಕಪ್ಪು ಬಣ್ಣದ ಅದರ ಬೀಜ ಜೀವ ತೆಗೆಯುವಷ್ಟು ವಿಷ. ನೆಡುವ ಮೊದಲು ಗಿಡ ಯಾವುದೆಂದು ಖಚಿತ ಮಾಡಿಕೊಳ್ಳಿ.

ಕೆಮ್ಮು, ಕಫಕ್ಕೆ ತರಿಯಾಗಿ ಕುಟ್ಟಿದ ಬೇರು 1.5 ಗ್ರಾಂ ತೆಗೆದುಕೊಂಡು, ಅದರ ಮೇಲೆ 150 ಮಿಲಿ ಕುದಿಯುವ ನೀರು ಹುಯ್ದು, ಮುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು ಸೋಸಿ ಕುಡಿಯಿರಿ. ದಿನಕ್ಕೆ ಎರಡು ಸಲ, ಊಟವಾದ ಮೇಲೆ. ಬೆಲ್ಲ ಬೇಡವೇ ಬೇಡ, ಬೇರಿನಲ್ಲಿರುವ ಗ್ಲೈಸಿರೈಸಿನ್ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ.

ಆ ಗ್ಲೈಸಿರೈಸಿನ್ನೇ ಮಿತಿ ಮೀರಿದರೆ ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸುತ್ತದೆ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಇದನ್ನು ಮುಟ್ಟಬಾರದು. ಬಸುರಿಯರಿಗಂತೂ ಕೊಡಲೇಬೇಡಿ, ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಕಾಲು ಊದಿಕೊಂಡರೆ, ತಲೆನೋವು ಬಂದರೆ ಅಂದೇ ನಿಲ್ಲಿಸಿ. ಆಸ್ತಮಾ ಇದ್ದವರು ಇನ್‌ಹೇಲರ್ ಬಿಟ್ಟು ಈ ಕಷಾಯ ಹಿಡಿಯುವುದು ಅಪಾಯ. ವಾರವಾದರೂ ಕೆಮ್ಮು ತಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಕಫದಲ್ಲಿ ರಕ್ತ ಕಂಡರೆ, ಉಸಿರು ಕಟ್ಟಿದರೆ ವಾರವೂ ಕಾಯದೆ ಆಸ್ಪತ್ರೆಗೆ ಹೋಗಿ.